ಧ್ವಜವಂದನೆ ಮತ್ತು ಶಾಲೆಯ ಮಕ್ಕಳು: ಎರಡು ವ್ಯಾಜ್ಯಗಳ ಇತಿಹಾಸ

೧

ಮಕ್ಕಳಿಗೆ ಶಾಲೆಯಲ್ಲಿ ದೇಶಪ್ರೇಮವನ್ನು ಕಲಿಸಬೇಕೆಂಬ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಆ ಕಲಿಕೆಯ ಅಂಗವಾಗಿ ಬಂದಿರುವ ಧ್ವಜವಂದನೆ, ಪ್ರತಿಜ್ಞೆ, ರಾಷ್ಟ್ರಗೀತೆಯ ಗಾಯನ ಮುಂತಾದ ಆಚರಣೆಗಳಲ್ಲಿ ಪಾಲುಗೊಳ್ಳಲು ಒಂದು ಮಗುವಿನ ಮನಸ್ಸು ಒಪ್ಪದಿದ್ದರೆ ಏನು ಮಾಡಬೇಕು? ಅದನ್ನು ಬಲವಂತಪಡಿಸಬಹುದೇ? ಬಲವಂತಕ್ಕೂ ಮಣಿಯದಿದ್ದರೆ ಶಾಲೆಯಿಂದ ಹೊರಹಾಕಬಹುದೇ? ಈ ಪ್ರಶ್ನೆಗಳು ಎದ್ದಾಗ ವಿದ್ವಾಂಸರಲ್ಲಿಯೂ ನ್ಯಾಯಾಧೀಶರಲ್ಲಿಯೂ ಭಿನ್ನಾಭಿಪ್ರಾಯಗಳು ತಲೆದೋರಿವೆ. ಮಕ್ಕಳು ಆರೆಂಟು ವರ್ಷದವರಾಗಲಿ, ಹದಿನಾರು ವರ್ಷದವರಾಗಲಿ, ಅವರ ಮೌನವೊಂದು ರಾಜ್ಯದ ಅತ್ಯುಚ್ಚ ನ್ಯಾಯಪೀಠದವರೆಗೆ ಹೋಗಿ ನಿಂತಿರುವ ಉದಾಹರಣೆಗಳು ಇತಿಹಾಸದಲ್ಲಿವೆ.

ಅಂತಹ ಉದಾಹರಣೆಗಳಲ್ಲಿ ಎರಡು ಮುಖ್ಯವಾದುವು. ಒಂದು, ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೩೫ರಿಂದ ೧೯೪೩ರವರೆಗೆ ನಡೆದ ಧ್ವಜವಂದನೆಯ ವ್ಯಾಜ್ಯ. ಇನ್ನೊಂದು, ಕೇರಳದಲ್ಲಿ ೧೯೮೫ರಲ್ಲಿ ಹುಟ್ಟಿ ೧೯೮೬ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೊನೆಗೊಂಡ ರಾಷ್ಟ್ರಗೀತೆಯ ವ್ಯಾಜ್ಯ. ಎರಡನೆಯದರ ತೀರ್ಪು ಮೊದಲನೆಯದನ್ನು ನೆನೆದು ಬರೆದುದಾದ್ದರಿಂದ ಇವೆರಡನ್ನೂ ಒಟ್ಟಿಗೆ ಪರಿಶೀಲಿಸುವುದು ಯುಕ್ತ. ಆದರೆ ಅದಕ್ಕೆ ಮುನ್ನ ಈ ಆಚರಣೆಗಳು ಶಾಲೆಯನ್ನು ಪ್ರವೇಶಿಸಿದ ಬಗೆಯನ್ನು ಅರಿಯಬೇಕು.

೨

ಪ್ರತಿದಿನವೂ ಕಂಡು ಅಭ್ಯಾಸವಾದುದು ಅನಾದಿಯಿಂದ ಬಂದುದೆಂದು ತೋರುವುದು ಸಹಜ. ವಾಸ್ತವದಲ್ಲಿ ಶಾಲೆಯ ರಾಷ್ಟ್ರೀಯ ಆಚರಣೆಗಳ ವಯಸ್ಸು ಬಹಳ ಚಿಕ್ಕದು. ಅಮೆರಿಕದ ಧ್ವಜಪ್ರತಿಜ್ಞೆಯು ಹುಟ್ಟಿದುದು ಸರ್ಕಾರದ ಕಚೇರಿಯಲ್ಲಲ್ಲ, 'ಯೂತ್ಸ್ ಕಂಪ್ಯಾನಿಯನ್' ಎಂಬ ಬಾಸ್ಟನ್ ನಗರದ ವಾರಪತ್ರಿಕೆಯಲ್ಲಿ. ಕೊಲಂಬಸನು ಅಮೆರಿಕವನ್ನು ತಲಪಿದ ನಾನೂರನೆಯ ವರ್ಷದ ಉತ್ಸವಕ್ಕಾಗಿ ಅದನ್ನು ರಚಿಸಿದವನು ಫ್ರಾನ್ಸಿಸ್ ಬೆಲಮಿ. ಮೊದಲು ಬ್ಯಾಪ್ಟಿಸ್ಟ್ ಪಂಥದ ಪಾದ್ರಿಯಾಗಿದ್ದು ಅನಂತರ ಪತ್ರಿಕೆಯನ್ನು ಸೇರಿದವನು. ೧೮೯೨ರ ಸೆಪ್ಟೆಂಬರ್ ೮ರ ಸಂಚಿಕೆಯಲ್ಲಿ ಅದು ಪ್ರಕಟವಾಯಿತು. ಆ ಪತ್ರಿಕೆಯು ಅದಕ್ಕೂ ಮೊದಲಿನಿಂದ ಶಾಲೆಗಳಿಗೆ ಬಾವುಟಗಳನ್ನು ಮಾರುತ್ತಿದ್ದಿತೆಂಬುದೂ ಗಮನಾರ್ಹ. ಹೀಗೆ ಒಂದು ಉತ್ಸವಕ್ಕಾಗಿ ಹುಟ್ಟಿದ ವಾಕ್ಯವು ಕ್ರಮೇಣ ನಿತ್ಯವಿಧಿಯಾಯಿತು. ೧೮೯೮ರಲ್ಲಿ, ಸ್ಪೇನಿನೊಡನೆ ಯುದ್ಧ ಮೊದಲಾದ ವರ್ಷದಲ್ಲಿಯೇ, ನ್ಯೂಯಾರ್ಕ್ ಸಂಸ್ಥಾನವು ಶಾಲೆಗಳಲ್ಲಿ ಧ್ವಜವಂದನೆಯ ಬಗ್ಗೆ ಶಾಸನ ಮಾಡಿತು. ಇತರ ಸಂಸ್ಥಾನಗಳು ಅದನ್ನು ಅನುಸರಿಸಿದುವು. ಪ್ರತಿಜ್ಞೆಗೆ ಅಮೆರಿಕದ ಕಾಂಗ್ರೆಸ್ಸಿನ ಮನ್ನಣೆ ದೊರೆತುದು ಮಾತ್ರ ೧೯೪೨ರ ಜೂನಿನಲ್ಲಿ, ಅರ್ಧ ಶತಮಾನ ಕಳೆದ ಮೇಲೆ.

ಭಾರತದ ಇತಿಹಾಸವೂ ಇದಕ್ಕೆ ತೀರ ಭಿನ್ನವಲ್ಲ. 'ಜನಗಣಮನ'ವನ್ನು ಮೊದಲು ಹಾಡಿದುದು ೧೯೧೧ರ ಡಿಸೆಂಬರ್ ೨೭ರಂದು, ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ. ಅದು ರಾಷ್ಟ್ರಗೀತೆಯೆಂದು ಅಂಗೀಕೃತವಾದುದು ೧೯೫೦ರ ಜನವರಿ ೨೪ರಂದು. ಶಾಲೆಗಳಲ್ಲಿ ಮಕ್ಕಳು ಹೇಳುವ ರಾಷ್ಟ್ರೀಯ ಪ್ರತಿಜ್ಞೆಯ ಕರ್ತೃ ಪೈಡಿಮರ‍್ರಿ ವೆಂಕಟ ಸುಬ್ಬರಾಯರು. ನಲ್ಲಗೊಂಡ ಸೀಮೆಯವರಾದ ಇವರು ೧೯೬೨ರಲ್ಲಿ ವಿಶಾಖಪಟ್ಟಣದಲ್ಲಿ ಖಜಾನೆಯ ಅಧಿಕಾರಿಯಾಗಿದ್ದಾಗ ಅದನ್ನು ತೆಲುಗಿನಲ್ಲಿ ಬರೆದರು. ೧೯೬೪ರಲ್ಲಿ ಎಂ. ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ಸೇರಿದ ಕೇಂದ್ರ ವಿದ್ಯಾಭ್ಯಾಸ ಸಲಹಾ ಮಂಡಳಿಯು ಶಾಲೆಗಳಲ್ಲಿ ಪ್ರತಿಜ್ಞೆಯನ್ನು ಹೇಳಿಸಬೇಕೆಂದು ಸಲಹೆಯಿತ್ತಿತು. ೧೯೬೫ರ ಜನವರಿ ೨೬ರಿಂದ ಅದು ದೇಶದಲ್ಲೆಲ್ಲ ಬಳಕೆಗೆ ಬಂದಿತು.

ಒಬ್ಬ ಪತ್ರಿಕೆಯವನು, ಒಬ್ಬ ಖಜಾನೆಯ ಅಧಿಕಾರಿ: ಇಬ್ಬರೂ ಮನಸಾರೆ ಬರೆದರು, ಸ್ವಇಚ್ಛೆಯಿಂದ ಬರೆದರು. ಅವರ ಮಾತು ಜನಕ್ಕೆ ಹಿಡಿಸಿತು. ಇಷ್ಟರಿಂದ ಈ ಆಚರಣೆಗಳ ಗೌರವ ಕುಂದುವುದಿಲ್ಲ. ಪ್ರೀತಿಯಿಂದ ಹುಟ್ಟಿದವೆಂಬುದೇ ಅವುಗಳಿಗೆ ಭೂಷಣ. ಕಡ್ಡಾಯವೆಂಬುದು ಅವುಗಳೊಡನೆ ಹುಟ್ಟಿದುದಲ್ಲ, ಅನಂತರ ಬಂದು ಸೇರಿದುದು ಎಂಬುದಷ್ಟೇ ಇಲ್ಲಿ ನೆನಪಿಡಬೇಕಾದ ಅಂಶ.

೩

ಪೆನ್ಸಿಲ್ವೇನಿಯ ಸಂಸ್ಥಾನದ ಮೈನರ್ಸ್‌ವಿಲ್ ಕಲ್ಲಿದ್ದಲ ಗಣಿಗಳ ಒಂದು ಸಣ್ಣ ಊರು. ೧೯೩೫ರ ಶರತ್ಕಾಲದಲ್ಲಿ ಅಲ್ಲಿಯ ಸಾರ್ವಜನಿಕ ಶಾಲೆಯಲ್ಲಿ ಓದುತ್ತಿದ್ದ ಗೋಬೈಟಸ್ ಕುಟುಂಬದ ಇಬ್ಬರು ಮಕ್ಕಳು, ಹನ್ನೆರಡು ವರ್ಷದ ಅಕ್ಕ ಮತ್ತು ಹತ್ತು ವರ್ಷದ ತಮ್ಮ, ಧ್ವಜಕ್ಕೆ ವಂದಿಸಲು ನಿರಾಕರಿಸಿದರು. ಇವರು 'ಯೆಹೋವನ ಸಾಕ್ಷಿಗಳು' ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು. ದೇವರೊಬ್ಬನಿಗಲ್ಲದೆ ಬೇರೆ ಯಾವುದಕ್ಕೂ ಅಡ್ಡಬೀಳಬಾರದೆಂಬ ಬೈಬಲ್ಲಿನ ಆಜ್ಞೆಯನ್ನು ಈ ಪಂಥದವರು ಅಕ್ಷರಶಃ ಪಾಲಿಸುವವರು. ಜರ್ಮನಿಯಲ್ಲಿ ಹಿಟ್ಲರನ ವಂದನೆಯನ್ನು ನಿರಾಕರಿಸಿ ಇದೇ ಪಂಥದವರು ಸೆರೆಮನೆಗೆ ಹೋಗುತ್ತಿದ್ದ ಕಾಲವದು. ಅದನ್ನು ಮೆಚ್ಚಿದ ಪಂಥದ ನಾಯಕ ರದರ್‌ಫರ್ಡನು ಯಾವ ದೇಶದ ಲಾಂಛನಕ್ಕಾದರೂ ವಂದಿಸುವುದು ಸಲ್ಲದೆಂದು ೧೯೩೫ರಲ್ಲಿ ಸಾರಿದ್ದನು.

ಶಾಲಾ ಮಂಡಳಿಯು ನವೆಂಬರ್ ತಿಂಗಳಿನಲ್ಲಿ ನಿರ್ಣಯವೊಂದನ್ನು ಮಾಡಿ ಮಕ್ಕಳನ್ನು ಹೊರಹಾಕಿತು. ತಂದೆ ಕಿರಾಣಿ ಅಂಗಡಿಯವನು; ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸಬೇಕಾಗಿ ಬಂದು ನ್ಯಾಯಾಲಯದ ಮೊರೆಹೊಕ್ಕನು. ಕೆಳಗಿನ ಎರಡು ನ್ಯಾಯಾಲಯಗಳು ಅವನ ಪರವಾಗಿ ತೀರ್ಪಿತ್ತುವು. ಆದರೆ ೧೯೪೦ರ ಜೂನ್ ೩ರಂದು ಸರ್ವೋಚ್ಚ ನ್ಯಾಯಾಲಯವು ಎಂಟು ಮತಗಳಿಗೆ ಒಂದರಂತೆ ಶಾಲಾ ಮಂಡಳಿಯ ಕ್ರಮವನ್ನು ಎತ್ತಿಹಿಡಿಯಿತು.

ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್. ವಿಯೆನ್ನದಲ್ಲಿ ಹುಟ್ಟಿ ಹನ್ನೆರಡನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ವಲಸೆ ಬಂದ ಯಹೂದಿ. ಸಾರ್ವಜನಿಕ ಶಾಲೆಯೇ ತಮ್ಮಂತಹವರನ್ನು ಅಮೆರಿಕನ್ನರನ್ನಾಗಿ ಮಾಡಿತೆಂದು ನಂಬಿದವರು. ಅವರ ವಾದವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ರಾಷ್ಟ್ರದ ಭದ್ರತೆಗೆ ರಾಷ್ಟ್ರದ ಏಕತೆಯೇ ತಳಹದಿ; ಆ ಏಕತೆಯ ಭಾವವನ್ನು ಮಕ್ಕಳಲ್ಲಿ ಬೆಳೆಸಲು ಯಾವ ಉಪಾಯ ಉಚಿತವೆಂಬುದನ್ನು ಗೊತ್ತುಮಾಡಬೇಕಾದವರು ಜನರ ಪ್ರತಿನಿಧಿಗಳೇ ಹೊರತು ನ್ಯಾಯಾಧೀಶರಲ್ಲ; ಎಲ್ಲರಿಗೂ ಅನ್ವಯಿಸುವ ನಿಯಮದಿಂದ ಒಬ್ಬಿಬ್ಬರು ತಮ್ಮ ಮತವಿಶ್ವಾಸದ ಕಾರಣವೊಡ್ಡಿ ವಿನಾಯಿತಿ ಕೇಳಲಾಗದು ಎಂಬುದು ಅದರ ಸಾರ. ಅಂದು ಯೂರೋಪಿನಲ್ಲಿ ಡಂಕರ್ಕಿನ ಕಡಲತೀರದಿಂದ ಸೈನ್ಯಗಳು ಹಿಂದೆಗೆಯುತ್ತಿದ್ದುವು. ಹನ್ನೊಂದು ದಿನಗಳ ಮೇಲೆ ಪ್ಯಾರಿಸ್ ನಗರ ಜರ್ಮನರ ವಶವಾಯಿತು. ಕಾಲದ ಆತಂಕವು ಆ ತೀರ್ಪಿನ ಮೇಲೆ ತನ್ನ ನೆರಳನ್ನು ಚಾಚಿದ್ದಿತು. ಹಾರ್ಲನ್ ಸ್ಟೋನ್ ಒಬ್ಬರೇ ಭಿನ್ನಮತವನ್ನು ಬರೆದರು. ದೇಶಪ್ರೇಮವನ್ನು ಕಲಿಸಲು ಬೇರೆ ಮಾರ್ಗಗಳಿರುವಾಗ, ತಾನು ನಂಬದುದನ್ನು ನಂಬಿರುವೆನೆಂದು ಮಗುವಿನಿಂದ ಹೇಳಿಸುವ ಅಧಿಕಾರ ಸರ್ಕಾರಕ್ಕಿಲ್ಲವೆಂಬುದು ಅವರ ನಿಲುವು.

ತೀರ್ಪಿನ ಪರಿಣಾಮವು ನ್ಯಾಯಾಧೀಶರಾರೂ ನಿರೀಕ್ಷಿಸದ ರೀತಿಯಲ್ಲಿ ಪ್ರಕಟವಾಯಿತು. ಸರ್ವೋಚ್ಚ ನ್ಯಾಯಾಲಯವೇ ಈ ಜನರನ್ನು ದೇಶದ್ರೋಹಿಗಳೆಂದು ಸಾರಿತೆಂಬ ಭಾವನೆ ಹಬ್ಬಿ, ಈ ಪಂಥದವರ ಮೇಲೆ ಹಲವು ಸಂಸ್ಥಾನಗಳಲ್ಲಿ ಗುಂಪುಗಳು ಎರಗಿದುವು. ತೀರ್ಪು ಬಂದ ವಾರದೊಳಗಾಗಿ ಮೇಯ್ನ್ ಸಂಸ್ಥಾನದ ಕೆನೆಬಂಕಿನಲ್ಲಿ ಅವರ ಪ್ರಾರ್ಥನಾಮಂದಿರಕ್ಕೆ ಬೆಂಕಿ ಬಿದ್ದಿತು. ಪಶ್ಚಿಮ ವರ್ಜೀನಿಯದ ರಿಚ್‌ವುಡ್ಡಿನಲ್ಲಿ ಕೆಲವರಿಗೆ ಬಲವಂತವಾಗಿ ಹರಳೆಣ್ಣೆಯನ್ನು ಕುಡಿಸಿ ಊರಿನಿಂದ ಅಟ್ಟಲಾಯಿತು. ಮಕ್ಕಳು ಶಾಲೆಗಳಿಂದ ಗುಂಪುಗುಂಪಾಗಿ ಉಚ್ಚಾಟಿತರಾದರು. ಏಕತೆಗಾಗಿ ಬರೆದ ತೀರ್ಪು ನೆರೆಹೊರೆಯವರನ್ನು ಒಡೆದುದು ಹೀಗೆ.

೪

ಅದೇ ಪಶ್ಚಿಮ ವರ್ಜೀನಿಯದ ವಿದ್ಯಾಭ್ಯಾಸ ಮಂಡಳಿಯು ೧೯೪೨ರ ಜನವರಿ ೯ರಂದು, ಮೇಲಿನ ತೀರ್ಪನ್ನೇ ಆಧಾರವಾಗಿಟ್ಟುಕೊಂಡು, ಧ್ವಜವಂದನೆಯನ್ನು ಸಂಸ್ಥಾನದ ಎಲ್ಲ ಸಾರ್ವಜನಿಕ ಶಾಲೆಗಳಲ್ಲಿ ಕಡ್ಡಾಯ ಮಾಡಿತು. ನಿರಾಕರಿಸಿದ ಮಗುವನ್ನು ಹೊರಹಾಕುವುದು. ಹೊರಹಾಕಲ್ಪಟ್ಟ ಮಗು ಅಕ್ರಮವಾಗಿ ಗೈರುಹಾಜರಾಗಿದೆಯೆಂದು ಎಣಿಸುವುದು. ಆ ಕಾರಣಕ್ಕಾಗಿ ತಂದೆತಾಯಿಗಳಿಗೆ ಐವತ್ತು ಡಾಲರುಗಳವರೆಗೆ ದಂಡ, ಮೂವತ್ತು ದಿನಗಳವರೆಗೆ ಸಜೆ. ಶಾಲೆಯೇ ಬಾಗಿಲು ಮುಚ್ಚಿ, ಮಗು ಒಳಗೆ ಬರಲಿಲ್ಲವೆಂದು ತಂದೆಯನ್ನು ದಂಡಿಸುವ ಏರ್ಪಾಡಿದು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಆಗ ರೂಢಿಯಲ್ಲಿದ್ದ ವಂದನೆಯ ಭಂಗಿ ಬಲಗೈಯನ್ನು ಧ್ವಜದತ್ತ ನೀಳವಾಗಿ ಚಾಚುವುದು. ಅದು ಹಿಟ್ಲರನ ವಂದನೆಯನ್ನು ಹೋಲುತ್ತದೆಂದು ಪೋಷಕರ ಮತ್ತು ಶಿಕ್ಷಕರ ಸಂಘ, ಸ್ಕೌಟ್ ಸಂಸ್ಥೆಗಳು, ರೆಡ್ ಕ್ರಾಸ್, ಮಹಿಳಾ ಸಂಘಗಳ ಒಕ್ಕೂಟ ಮೊದಲಾದವು ಆಕ್ಷೇಪಿಸಿದುವು. ಮಂಡಳಿಯು ಈ ಆಕ್ಷೇಪಣೆಗೆ ಸ್ವಲ್ಪಮಟ್ಟಿಗೆ ಮಣಿಯಿತು. ಆದರೆ ಯೆಹೋವನ ಸಾಕ್ಷಿಗಳ ಮಕ್ಕಳಿಗೆ ಯಾವ ರಿಯಾಯಿತಿಯನ್ನೂ ತೋರಲಿಲ್ಲ. ೧೯೪೨ರ ಡಿಸೆಂಬರ್ ೨೨ರಂದು ಕಾಂಗ್ರೆಸ್ಸೇ ಆ ಭಂಗಿಯನ್ನು ಕೈಬಿಟ್ಟು, ಬಲಗೈಯನ್ನು ಎದೆಯ ಮೇಲಿಟ್ಟುಕೊಳ್ಳುವ ಕ್ರಮವನ್ನು ವಿಧಿಸಿತು. ಮೈನರ್ಸ್‌ವಿಲ್ಲಿನ ಮಕ್ಕಳು ೧೯೩೫ರಲ್ಲಿ ಯಾವ ಭಂಗಿಯನ್ನು ಮಾಡಲೊಲ್ಲದೆ ಶಾಲೆಯನ್ನು ಕಳೆದುಕೊಂಡರೋ ಆ ಭಂಗಿಯನ್ನು ಏಳು ವರ್ಷಗಳಲ್ಲಿ ದೇಶವೇ ತೊರೆಯಿತು. ಆಚರಣೆಯ ಹೊರರೂಪ ಎಷ್ಟು ಅಸ್ಥಿರವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಪಶ್ಚಿಮ ವರ್ಜೀನಿಯದ ಬಾರ್ನೆಟ್ ಮತ್ತಿತರ ಪೋಷಕರು ಹೂಡಿದ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟುವ ಹೊತ್ತಿಗೆ ಹಳೆಯ ಬಹುಮತದ ಬಿಗಿ ಸಡಿಲಿತ್ತು. ತೀರ್ಪಿತ್ತವರಲ್ಲಿ ಮೂವರು, ಬ್ಲ್ಯಾಕ್, ಡಗ್ಲಸ್ ಮತ್ತು ಮರ್ಫಿ, ತಾವು ೧೯೪೦ರಲ್ಲಿ ಕೈಗೊಂಡ ನಿರ್ಧಾರ ಸರಿಯಲ್ಲವೆಂದು ೧೯೪೨ರಲ್ಲಿಯೇ ಬಹಿರಂಗವಾಗಿ ಹೇಳಿದ್ದರು. ಒಂಟಿಯಾಗಿ ಭಿನ್ನಮತ ಬರೆದಿದ್ದ ಸ್ಟೋನ್ ೧೯೪೧ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದರು. ೧೯೪೩ರ ಜೂನ್ ೧೪ರಂದು, ಅಮೆರಿಕದಲ್ಲಿ ಧ್ವಜದಿನವೆಂದು ಆಚರಿಸುವ ದಿನದಂದೇ, ಆರು ಮತಗಳಿಗೆ ಮೂರರಂತೆ ಹಿಂದಿನ ತೀರ್ಪನ್ನು ನ್ಯಾಯಾಲಯವು ರದ್ದುಗೊಳಿಸಿತು. ದೇಶವು ಮಹಾಯುದ್ಧದ ನಟ್ಟನಡುವೆ ಇದ್ದ ಕಾಲದಲ್ಲಿ ಹೊರಬಿದ್ದ ತೀರ್ಪು ಇದೆಂಬುದನ್ನು ಮರೆಯಬಾರದು.

ಈ ತೀರ್ಪನ್ನು ಬರೆದ ರಾಬರ್ಟ್ ಜ್ಯಾಕ್‌ಸನ್ ಮುಂದೆ ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ವಿಚಾರಣೆ ನಡೆದಾಗ ಅಮೆರಿಕದ ಮುಖ್ಯ ಅಭಿಯೋಜಕರಾಗಿದ್ದವರು. ಅವರು ಪ್ರಶ್ನೆಯನ್ನು ಕೇವಲ ಮತೀಯ ವಿನಾಯಿತಿಯ ಪ್ರಶ್ನೆಯಾಗಿ ನೋಡಲಿಲ್ಲ. ಧ್ವಜಕ್ಕೆ ವಂದಿಸುವುದು ಒಂದು ಅಭಿಪ್ರಾಯವನ್ನು ಸಾರಿ ಹೇಳಿದಂತೆ. ಪ್ರಜೆಯೊಬ್ಬನು ಏನನ್ನು ನಂಬಬೇಕೆಂದು ಗೊತ್ತುಮಾಡಿ ಅವನ ಬಾಯಿಂದ ಅದನ್ನು ಹೇಳಿಸುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ, ಅವನ ಆಕ್ಷೇಪಣೆ ಮತೀಯವಾಗಿರಲಿ ಇಲ್ಲದಿರಲಿ, ಎಂಬುದು ಅವರ ಸಿದ್ಧಾಂತ. ರೋಮ್ ಸಾಮ್ರಾಜ್ಯವು ಕ್ರೈಸ್ತರನ್ನು ಅಡಗಿಸಲೆತ್ನಿಸಿದುದು, ಮಧ್ಯಯುಗದ ಮತವಿಚಾರಣೆಗಳು, ಸೈಬೀರಿಯದ ಗಡೀಪಾರುಗಳು, ಇವೆಲ್ಲ ಬಲವಂತದಿಂದ ಏಕಾಭಿಪ್ರಾಯವನ್ನು ಸಾಧಿಸಹೊರಟು ಸೋತ ಪ್ರಯತ್ನಗಳೆಂದು ಅವರು ನೆನಪಿಸಿದರು. ಫ್ರಾಂಕ್‌ಫರ್ಟರ್ ತಮ್ಮ ಹಳೆಯ ನಿಲುವಿನಲ್ಲಿಯೇ ಉಳಿದು ದೀರ್ಘವಾದ ಭಿನ್ನಮತವನ್ನು ಬರೆದರು. ಇತಿಹಾಸದಲ್ಲಿ ಅತಿಯಾಗಿ ಹಿಂಸೆಗೊಳಗಾದ ಅಲ್ಪಸಂಖ್ಯಾತರಲ್ಲಿ ತಾವೂ ಒಬ್ಬರೆಂದು ಅದರಲ್ಲಿ ಹೇಳಿಕೊಂಡರಾದರೂ, ಸ್ವಂತ ಸಹಾನುಭೂತಿಯು ನ್ಯಾಯಾಧೀಶನ ಕರ್ತವ್ಯವನ್ನು ನಿರ್ಣಯಿಸಬಾರದೆಂಬ ಹಟವನ್ನು ಬಿಡಲಿಲ್ಲ.

೫

ಇದಾದ ನಾಲ್ಕು ದಶಕಗಳ ಮೇಲೆ ಅದೇ ಪ್ರಶ್ನೆ ಕೇರಳದ ಕೊಟ್ಟಾಯಂ ಜಿಲ್ಲೆಯ ಕಿಡಂಗೂರಿನಲ್ಲಿ ಎದ್ದಿತು. ಅಲ್ಲಿಯ ಪ್ರೌಢಶಾಲೆಯಲ್ಲಿ ಒಂದೇ ಮನೆಯ ಮೂವರು ಮಕ್ಕಳು ಹತ್ತನೆಯ, ಒಂಬತ್ತನೆಯ ಮತ್ತು ಐದನೆಯ ತರಗತಿಗಳಲ್ಲಿ ಓದುತ್ತಿದ್ದರು. ಅವರೂ ಯೆಹೋವನ ಸಾಕ್ಷಿಗಳೇ. ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆಯನ್ನು ಹಾಡುವಾಗ ಎಲ್ಲರೊಡನೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ವರ್ಷಗಳಿಂದ ಹೀಗೆಯೇ ನಡೆದುಬಂದಿದ್ದು ಯಾರಿಗೂ ಅದು ತೊಂದರೆಯಾಗಿ ತೋರಿರಲಿಲ್ಲ. ೧೯೮೫ರ ಜುಲೈನಲ್ಲಿ ವಿಧಾನಸಭೆಯ ಸದಸ್ಯರೊಬ್ಬರು ಇದನ್ನು ಕಂಡು ಸಭೆಯಲ್ಲಿ ಪ್ರಶ್ನೆ ಕೇಳಿದರು. ವಿಚಾರಣಾ ಸಮಿತಿಯೊಂದು ನೇಮಕವಾಯಿತು. ಮಕ್ಕಳು ಸನ್ನಡತೆಯವರು, ರಾಷ್ಟ್ರಗೀತೆಗೆ ಅಗೌರವವನ್ನು ತೋರಿಲ್ಲ ಎಂದು ಸಮಿತಿಯೇ ವರದಿ ಮಾಡಿತು. ಆದರೂ ಇಲಾಖೆಯ ಸೂಚನೆಯ ಮೇರೆಗೆ ಜುಲೈ ೨೬ರಂದು ಮೂವರನ್ನೂ ಶಾಲೆಯಿಂದ ಹೊರಹಾಕಲಾಯಿತು.

ಕೇರಳದ ಹೈಕೋರ್ಟು ಮಕ್ಕಳ ಮನವಿಯನ್ನು ತಿರಸ್ಕರಿಸಿತು. ರಾಷ್ಟ್ರಗೀತೆಯ ಒಂದೊಂದು ಪದವನ್ನೂ ಪರಿಶೀಲಿಸಿ, ಯಾರ ಮತಭಾವನೆಗೂ ಧಕ್ಕೆ ತರುವಂತಹುದು ಅದರಲ್ಲಿ ಏನೂ ಇಲ್ಲವೆಂದು ಅದು ಕಂಡುಕೊಂಡಿತು. ಬಿಜೋ ಇಮ್ಯಾನುಯೆಲ್ ವ್ಯಾಜ್ಯವೆಂದು ಪ್ರಸಿದ್ಧವಾದ ಈ ಪ್ರಕರಣದಲ್ಲಿ ೧೯೮೬ರ ಆಗಸ್ಟ್ ೧೧ರಂದು ತೀರ್ಪಿತ್ತ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ. ಎಂ. ದತ್ ಅವರು ಆ ಪರಿಶೀಲನೆಯೇ ಅಪ್ರಸ್ತುತವೆಂದರು. ಒಂದು ನಂಬಿಕೆ ನಮ್ಮ ಬುದ್ಧಿಗೆ ಒಪ್ಪುವುದೇ ಎಂಬುದು ಪ್ರಶ್ನೆಯಲ್ಲ. ನಂಬಿದವರು ಅದನ್ನು ಪ್ರಾಮಾಣಿಕವಾಗಿ ನಂಬಿದ್ದಾರೆಯೇ ಎಂಬುದೇ ಪ್ರಶ್ನೆ.

ಅವರ ವಿವೇಚನೆಯು ಮೂರು ಹಂತಗಳದು. ಮೊದಲನೆಯದಾಗಿ, ರಾಷ್ಟ್ರಗೀತೆಯನ್ನು ಹಾಡಲೇಬೇಕೆಂದು ವಿಧಿಸುವ ಶಾಸನವೇ ಇಲ್ಲ. ೧೯೭೧ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಅಧಿನಿಯಮವು ಗೀತೆಯ ಗಾಯನವನ್ನು ಉದ್ದೇಶಪೂರ್ವಕವಾಗಿ ತಡೆಯುವುದನ್ನೂ ಹಾಡುವವರ ಸಭೆಗೆ ಅಡ್ಡಿಮಾಡುವುದನ್ನೂ ದಂಡಿಸುತ್ತದೆ, ಸುಮ್ಮನೆ ನಿಲ್ಲುವುದನ್ನಲ್ಲ. ೧೯೭೬ರ ನಲವತ್ತೆರಡನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ೫೧ಎ ವಿಧಿಯು ಧ್ವಜವನ್ನೂ ಗೀತೆಯನ್ನೂ ಗೌರವಿಸಬೇಕೆನ್ನುತ್ತದೆ. ಎದ್ದು ನಿಂತವರು ಗೌರವಿಸಿದವರೇ. ಎರಡನೆಯದಾಗಿ, ಇಲಾಖೆ ಆಧಾರವಾಗಿ ತೋರಿಸಿದ ೧೯೬೧ ಮತ್ತು ೧೯೭೦ರ ಸುತ್ತೋಲೆಗಳಿಗೆ ಶಾಸನದ ಬಲವಿಲ್ಲ. ಸುತ್ತೋಲೆಯೊಂದರಿಂದ ಮೂಲಭೂತ ಹಕ್ಕನ್ನು ಮೊಟಕುಮಾಡಲಾಗದು. ಮೂರನೆಯದಾಗಿ, ೧೯ನೆಯ ವಿಧಿಯ ವಾಕ್‌ಸ್ವಾತಂತ್ರ್ಯದಲ್ಲಿ ಮೌನದ ಸ್ವಾತಂತ್ರ್ಯವೂ ಅಡಗಿದೆ. ೨೫ನೆಯ ವಿಧಿಯು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಕಾಯುತ್ತದೆ. ಮಕ್ಕಳನ್ನು ಮರಳಿ ಸೇರಿಸಿಕೊಂಡು ಅವರ ಓದಿಗೆ ಅಡ್ಡಿಯಾಗದಂತೆ ನೋಡಿಕೊಳ್ಳಬೇಕೆಂದು ನ್ಯಾಯಾಲಯವು ಆಜ್ಞಾಪಿಸಿತು. ಪಶ್ಚಿಮ ವರ್ಜೀನಿಯದ ತೀರ್ಪನ್ನು ಉಲ್ಲೇಖಿಸಿದರೂ, ನಮ್ಮ ಪರಂಪರೆಯೇ ಸಹನೆಯದು, ಅದನ್ನು ತೆಳುಗೊಳಿಸಬಾರದು ಎಂಬ ಆಶಯದಿಂದ ಆ ತೀರ್ಪು ಮುಗಿಯುತ್ತದೆ.

೬

ಈ ಎರಡು ಇತಿಹಾಸಗಳಿಂದ ತಿಳಿದುಬರುವುದೇನು? ಕಡ್ಡಾಯದ ಪರವಾಗಿ ಹೇಳುವವರ ಮುಖ್ಯ ಭಯ ಒಂದೇ: ಒಬ್ಬನಿಗೆ ವಿನಾಯಿತಿಯಿತ್ತರೆ ನಾಳೆ ನೂರು ಮಂದಿ ಕೇಳುವರು, ಆಚರಣೆಯೇ ಕುಸಿದುಬೀಳುವುದು. ಇತಿಹಾಸವು ಈ ಭಯವನ್ನು ಸಮರ್ಥಿಸುವುದಿಲ್ಲ. ೧೯೪೩ರ ಅನಂತರ ಅಮೆರಿಕದ ಶಾಲೆಗಳಲ್ಲಿ ಪ್ರತಿಜ್ಞೆ ಮರೆಯಾಗಲಿಲ್ಲ. ೧೯೫೪ರಲ್ಲಿ ಕಾಂಗ್ರೆಸ್ಸು ಅದಕ್ಕೆ ದೇವರ ಹೆಸರನ್ನೂ ಸೇರಿಸಿತು. ೧೯೮೬ರ ಅನಂತರ ಭಾರತದ ಶಾಲೆಗಳಲ್ಲಿ ರಾಷ್ಟ್ರಗೀತೆ ನಿಲ್ಲಲಿಲ್ಲ. ಅದಕ್ಕೆ ಪ್ರತಿಯಾಗಿ, ಬಲವಂತಕ್ಕೆ ಮುದ್ರೆಯೊತ್ತಿದ ೧೯೪೦ರ ತೀರ್ಪಿನ ಬೆನ್ನಿಗೇ ಮನೆಗಳ ಮೇಲೆ ಕಲ್ಲು ಬಿದ್ದುವು. ಗೀತೆಯನ್ನು ಹಾಡುವ ಬಹುಜನರಿಗೆ ಬಲವಂತ ಅನಾವಶ್ಯಕ. ಹಾಡಲೊಲ್ಲದ ಕೆಲವರಲ್ಲಿ ಅದು ಪ್ರೀತಿಯನ್ನು ಹುಟ್ಟಿಸಲಾರದು. ಒತ್ತಾಯದಿಂದ ಪಡೆದ ವಂದನೆಗೆ ಮುಖಬೆಲೆಯುಂಟು, ಒಳಬೆಲೆಯಿಲ್ಲ.

ಇನ್ನೊಂದು ವಾದವೂ ವಿಚಾರಾರ್ಹ. ಶಾಲೆ ಗಣಿತವನ್ನೂ ವ್ಯಾಯಾಮವನ್ನೂ ಕಡ್ಡಾಯವಾಗಿ ಕಲಿಸುತ್ತದೆ. ಗೀತೆಯನ್ನು ಮಾತ್ರ ಏಕೆ ಬಿಡಬೇಕು? ಗೀತೆಯ ಅರ್ಥ, ಧ್ವಜದ ಚರಿತ್ರೆ, ಸಂವಿಧಾನದ ತತ್ತ್ವಗಳು, ಇವನ್ನು ಕಡ್ಡಾಯವಾಗಿ ಕಲಿಸುವುದು ಶಾಲೆಯ ಹಕ್ಕು ಮಾತ್ರವಲ್ಲ, ಧರ್ಮ. ಆದರೆ ಕಲಿಯುವುದು ಬೇರೆ, ನಿಷ್ಠೆಯನ್ನು ಘೋಷಿಸುವುದು ಬೇರೆ. ಈ ಭೇದವನ್ನು ಸಂವಿಧಾನಕರ್ತರು ಅರಿತಿದ್ದರೆಂಬುದಕ್ಕೆ ೨೮ನೆಯ ವಿಧಿಯೇ ಸಾಕ್ಷಿ. ಸರ್ಕಾರದ ಮನ್ನಣೆ ಅಥವಾ ಧನಸಹಾಯ ಪಡೆದ ಶಾಲೆಯಲ್ಲಿ ನಡೆಯುವ ಮತಬೋಧೆಗೂ ಪೂಜೆಗೂ ಮಗುವನ್ನು ಪೋಷಕರ ಸಮ್ಮತಿಯಿಲ್ಲದೆ ಹಾಜರಾಗುವಂತೆ ಮಾಡಕೂಡದೆಂದು ಅದು ವಿಧಿಸುತ್ತದೆ. ದೇವರ ಹೆಸರಿನಲ್ಲಿ ಸಲ್ಲದ ಬಲವಂತವು ದೇಶದ ಹೆಸರಿನಲ್ಲಿ ಸಲ್ಲುವುದೆಂದು ವಾದಿಸುವವರು ಅದಕ್ಕೆ ಬಲವಾದ ಕಾರಣವನ್ನು ಕೊಡಬೇಕಾಗುತ್ತದೆ.

ಹಾಗೆಂದು ಮೌನಕ್ಕೂ ಮರ್ಯಾದೆಯ ಎಲ್ಲೆಯುಂಟು. ಕಿಡಂಗೂರಿನ ಮಕ್ಕಳು ಗೆದ್ದುದು ಹಾಡದಿದ್ದುದರಿಂದ ಮಾತ್ರವಲ್ಲ, ಎದ್ದು ನಿಂತುದರಿಂದಲೂ ಹೌದು. ಹಾಡುವವರ ಭಾವಕ್ಕೆ ಭಂಗ ತಾರದಿರುವುದು ಹಾಡದವರ ಕರ್ತವ್ಯ; ಹಾಡದವರ ಅಂತಃಸಾಕ್ಷಿಯನ್ನು ಕೆದಕದಿರುವುದು ಹಾಡುವವರ ಕರ್ತವ್ಯ. ವಯಸ್ಕರ ವಿಷಯದಲ್ಲಿಯೂ ಇದೇ ತೂಕ ಮರಳಿ ಕಾಣಿಸಿಕೊಂಡಿತು. ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆಯನ್ನು ನುಡಿಸಲೇಬೇಕೆಂದು ೨೦೧೬ರ ನವೆಂಬರಿನಲ್ಲಿ ಆಜ್ಞೆ ಮಾಡಿದ ಸುಪ್ರೀಂ ಕೋರ್ಟೇ ೨೦೧೮ರ ಜನವರಿಯಲ್ಲಿ ಅದನ್ನು ಐಚ್ಛಿಕಗೊಳಿಸಿತು.

೭

ಹೊರನಾಡಿನ ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದಲ್ಲ. ರಾಷ್ಟ್ರಗೀತೆಯ ಜೊತೆಗೆ ರಾಜ್ಯಗೀತೆಗಳೂ ಈಚೆಗೆ ಶಾಲೆಗಳನ್ನು ಪ್ರವೇಶಿಸಿವೆ. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' ೨೦೦೪ರಲ್ಲಿ ಕರ್ನಾಟಕದ ನಾಡಗೀತೆಯಾಯಿತು. ತಮಿಳು ತಾಯಿಯ ಸ್ತುತಿಗೆ ಎದ್ದು ನಿಲ್ಲಲೇಬೇಕೆಂಬ ಶಾಸನವಿಲ್ಲವೆಂದು ಮದ್ರಾಸು ಹೈಕೋರ್ಟು ೨೦೨೧ರ ಡಿಸೆಂಬರಿನಲ್ಲಿ ಹೇಳಿದ ಕೆಲವು ದಿನಗಳಲ್ಲಿಯೇ ತಮಿಳುನಾಡಿನ ಸರ್ಕಾರ ಅದನ್ನು ರಾಜ್ಯಗೀತೆಯೆಂದು ಸಾರಿ, ಹಾಡುವಾಗ ಎದ್ದು ನಿಲ್ಲಬೇಕೆಂದು ವಿಧಿಸಿತು. ಮಹಾರಾಷ್ಟ್ರವು ೨೦೨೩ರಲ್ಲಿ, ತೆಲಂಗಾಣವು ೨೦೨೪ರಲ್ಲಿ ತಮ್ಮ ಗೀತೆಗಳನ್ನು ಅಂಗೀಕರಿಸಿದುವು.

ಮುಂಬಯಿಯ, ಚೆನ್ನೈಯ, ಹೈದರಾಬಾದಿನ ಕನ್ನಡದ ಮಗು ಆಯಾ ನಾಡಿನ ಗೀತೆಗೆ ಸಂತೋಷದಿಂದ ಎದ್ದು ನಿಲ್ಲಬೇಕು, ಬಂದರೆ ಹಾಡಲೂಬೇಕು. ಅನ್ನವಿತ್ತ ನೆಲಕ್ಕೆ ಸಲ್ಲಬೇಕಾದ ಗೌರವವದು. ಆದರೆ ಆ ಮಗುವಿನ ತುಟಿ ಅಲುಗಿತೇ ಇಲ್ಲವೇ ಎಂದು ಯಾರಾದರೂ ನೋಡುತ್ತ ನಿಂತರೆ, ಅದರಿಂದ ಅದರ ನಿಷ್ಠೆಯನ್ನು ಅಳೆಯಹೊರಟರೆ, ಹೊರನಾಡಿಗರಾದ ಪೋಷಕರು ಎಷ್ಟು ನೋಯುವರೆಂಬುದನ್ನು ವಿವರಿಸಬೇಕಾಗಿಲ್ಲ. ಬೆಂಗಳೂರಿನಲ್ಲಿಯೋ ಬೆಳಗಾವಿಯಲ್ಲಿಯೋ ಕನ್ನಡ ನಾಡಗೀತೆಯ ಮುಂದೆ ಸುಮ್ಮನೆ ನಿಂತಿರುವ ತಮಿಳು, ಮರಾಠಿ, ತೆಲುಗು ಮಕ್ಕಳ ಪೋಷಕರ ನೋವೂ ಅಷ್ಟೇ. ನಮ್ಮ ಮಗುವಿಗಾಗಿ ಹೊರನಾಡಿನಲ್ಲಿ ಬೇಡುವ ಉದಾರತೆಯನ್ನು ನಮ್ಮ ನಾಡಿನಲ್ಲಿ ಅನ್ಯರ ಮಗುವಿಗೆ ಕೊಡಲು ಸಿದ್ಧರಿರುವವರು ಮಾತ್ರ ಈ ವಿಷಯದಲ್ಲಿ ನ್ಯಾಯವಾಗಿ ಮಾತಾಡಬಲ್ಲರು.